ಉತ್ತರಕುಮಾರ ಓಡಿದ, ಮೂರ್ತಿ ಬಿದ್ದ: ಒಂದು ಸೂಜಿ ಭಯದ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಪಿಯು ಮಕ್ಕಳಿಗೆ ಕನ್ನಡ ಪಾಠ ಮಾಡಿದವಳು. ಈ ಪ್ರಕರಣದಲ್ಲಿ ನನ್ನದೂ ಒಂದು ಪಾತ್ರ ಇದೆ, ಅದು ಹೆಮ್ಮೆ ಪಡುವಂಥದ್ದಲ್ಲ. ಹೆಸರು, ಕೆಲಸ, ಏರಿಯಾ ಎಲ್ಲ ಬದಲಾಯಿಸಿದ್ದೇನೆ. ಇದು ಯಾರ ಕಥೆಯೋ ಅವನೇ ಓದಿ, ಎರಡು ಕಡೆ ತಿದ್ದಿ, "ಹಾಕಕ್ಕ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದಿದ್ದಾನೆ. ಅವನ ಹೆಸರು ಮೂರ್ತಿ ಅಂತ ಇಟ್ಟುಕೊಳ್ಳೋಣ.

ಹಿನ್ನೆಲೆ

ಮೂರ್ತಿ ನನ್ನ ಚಿಕ್ಕಮ್ಮನ ಮಗ. 41 ವರ್ಷ. ಹನುಮಂತನಗರದ ಕಡೆ ಮನೆ, ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ, ಹೆಂಡತಿ, ಏಳು ವರ್ಷದ ಮಗಳು. ಮಾತಿನಲ್ಲಿ ಗಟ್ಟಿಗ. ಆಟೋದವರ ಹತ್ತಿರ, ಸೈಟು ವ್ಯವಹಾರದಲ್ಲಿ, ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಅವನೇ ಮುಂದೆ.

ಸೂಜಿ ಕಂಡರೆ ಮಾತ್ರ ಮುಗಿಯಿತು.

ಒಂಬತ್ತು ವರ್ಷದವನಿದ್ದಾಗ ಸ್ಕೂಲಿನಲ್ಲಿ ಚುಚ್ಚುಮದ್ದು ಹಾಕಿಸಿದರು. ಸಾಲಿನಲ್ಲಿ ಇವನು ನಾಲ್ಕನೆಯವನು. ಮೂರನೆಯ ಹುಡುಗನ ತೋಳಿನಿಂದ ಒಂದು ತೊಟ್ಟು ರಕ್ತ ಬಂದದ್ದು ನೋಡಿ ನಿಂತಲ್ಲೇ ಮುಖ ಅಡಿಯಾಗಿ ಬಿದ್ದ. ಮುಂದಿನ ಹಲ್ಲು ಚೂರು ಮುರಿಯಿತು. ಇಡೀ ಕ್ಲಾಸು ನಕ್ಕಿತು. ಅವತ್ತು ಸಂಜೆ ಮನೆಯಲ್ಲಿ ಎಲ್ಲರೂ ಸೇರಿದ್ದಾಗ, ಅದೇ ವಾರ ಹೈಸ್ಕೂಲಿನಲ್ಲಿ ವಿರಾಟಪರ್ವದ ಪಾಠ ಕೇಳಿಸಿಕೊಂಡು ಬಂದಿದ್ದ ನಾನು, "ನಮ್ಮ ಮನೇಲೂ ಒಬ್ಬ ಉತ್ತರಕುಮಾರ ಹುಟ್ಟಿದಾನೆ" ಅಂದೆ. ಎಲ್ಲರಿಗೂ ಆ ಹೆಸರು ಹಿಡಿಸಿಬಿಟ್ಟಿತು. ಮೂವತ್ತೆರಡು ವರ್ಷ ಹೋಗಲಿಲ್ಲ.

ಮಗಳು ಹುಟ್ಟಿದ ದಿನ ಹೆಂಡತಿಗೆ ಡ್ರಿಪ್ ಹಾಕುವುದನ್ನು ನೋಡಿ ಆಸ್ಪತ್ರೆಯ ಕಾರಿಡಾರಿನಲ್ಲಿ ಬಿದ್ದ. ಇಬ್ಬರು ನರ್ಸುಗಳು ಬಾಣಂತಿಯನ್ನು ಬಿಟ್ಟು ಇವನ ಕಾಲು ಎತ್ತಿ ಹಿಡಿದುಕೊಂಡು ಕೂತಿದ್ದರಂತೆ. ನಾಮಕರಣದಲ್ಲಿ ಆ ಕಥೆಯನ್ನು ಕೇಳಿ ನಗದವರಿಲ್ಲ. ಅವನೂ ನಕ್ಕ.

ಸಮಸ್ಯೆ

2023ರ ಕೊನೆಗೆ ಮೂರ್ತಿಗೆ ಬಾಯಾರಿಕೆ ಜಾಸ್ತಿಯಾಯಿತು. ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದ. ಪ್ಯಾಂಟು ಸಡಿಲವಾಯಿತು. ಚಿಕ್ಕಪ್ಪನಿಗೆ ಶುಗರ್ ಇತ್ತು, ಕೊನೆಗಾಲದಲ್ಲಿ ಎರಡು ಕಾಲ್ಬೆರಳು ತೆಗೆಸಿದ್ದರು, ಹಾಗಾಗಿ ಇದೇನು ಅಂತ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಡಾಕ್ಟರು ಚೀಟಿ ಬರೆದರು: ಖಾಲಿ ಹೊಟ್ಟೆಯ ಶುಗರ್, ಊಟದ ಮೇಲಿನ ಶುಗರ್, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್.

ಆ ಚೀಟಿ ಫ್ರಿಜ್ಜಿನ ಮೇಲೆ ಐದು ತಿಂಗಳು ಅಂಟಿಕೊಂಡಿತ್ತು. ಮೇಲೊಂದು ಮಾವಿನಹಣ್ಣಿನ ಮ್ಯಾಗ್ನೆಟ್.

ಕೇಳಿದರೆ ಅವನ ಹತ್ತಿರ ಉತ್ತರ ಇರುತ್ತಿತ್ತು. ಶನಿವಾರ ಲ್ಯಾಬಿನಲ್ಲಿ ಕ್ಯೂ. ಮಾರ್ಚ್ ಎಂಡ್, ಆಡಿಟ್ ಗಲಾಟೆ. ಖಾಲಿ ಹೊಟ್ಟೇಲಿದ್ರೆ ಗ್ಯಾಸ್ ಆಗುತ್ತೆ. ಯಾರಾದ್ರೂ ಜತೆಗೆ ಬಂದ್ರೆ ನಾಳೆನೇ ರೆಡಿ. ನನಗೆ ಒಳಗೊಳಗೇ ನಗು. ವಿರಾಟನ ಅಂತಃಪುರದಲ್ಲಿ ಹೆಂಗಸರ ಮಧ್ಯೆ ಕೂತು ಉತ್ತರಕುಮಾರ ಹೇಳುವುದೂ ಇದನ್ನೇ ಅಲ್ವಾ? ಕೌರವರು ಹಸು ಹೊಡೆದುಕೊಂಡು ಹೋದರು ಅಂತ ಗೋವಳ ಬಂದು ಹೇಳಿದಾಗ, ಅವರನ್ನೆಲ್ಲ ಮುಗಿಸಿಬಿಡುತ್ತಿದ್ದೆ, ಏನು ಮಾಡಲಿ, ಒಳ್ಳೆಯ ಸಾರಥಿ ಒಬ್ಬ ಇಲ್ಲ ಅನ್ನುತ್ತಾನೆ. "ಉತ್ತರನ ಪೌರುಷ ಒಲೆಯ ಮುಂದೆ" ಅಂತ ಗಾದೆಯೇ ಆಗಿಹೋಗಿದೆ. ನಾನು ಅದನ್ನು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದೂ ಉಂಟು. ಇಪ್ಪತ್ತಮೂರು ಜನ ನಗುವ ಮುಖ ಒತ್ತಿದರು.

ಮಾಡಿ ನೋಡಿದ್ದು

ಗದರಿಸುವುದು, ಛೇಡಿಸುವುದು ಮೊದಲನೆಯದು. ಅದರ ಫಲ ಮೇಲೆಯೇ ಹೇಳಿದೆ: ಐದು ತಿಂಗಳು.

ಆಮೇಲೆ ಹೆಂಡತಿ ಬಲವಂತ ಮಾಡಿ ಲ್ಯಾಬಿಗೆ ಕರೆದುಕೊಂಡು ಹೋದಳು. ಅದಕ್ಕೆ ಮೂರ್ತಿ ತಯಾರಿ ಮಾಡಿಕೊಂಡಿದ್ದ. ಹದಿನೈದು ದಿನ ಬೆಳಗ್ಗೆ ದೀರ್ಘ ಉಸಿರಾಟ, ಮೈ ಸಡಿಲ ಬಿಡುವುದು, ಕಣ್ಣು ಮುಚ್ಚಿ ಸಮುದ್ರದ ದಡ ನೆನೆಸಿಕೊಳ್ಳುವುದು. ಕುರ್ಚಿಯಲ್ಲಿ ಕೂತು ಹೇಳಿಕೊಟ್ಟ ಹಾಗೇ ಮೈಯೆಲ್ಲ ಸಡಿಲ ಬಿಟ್ಟ. ರಬ್ಬರ್ ಪಟ್ಟಿ ಕಟ್ಟಿ, ಸ್ಪಿರಿಟ್ ಹತ್ತಿ ಒರೆಸುವಷ್ಟರಲ್ಲಿ ಮುಖ ಬೆಳ್ಳಗಾಗಿ, ಹಣೆಯ ಮೇಲೆ ಬೆವರು ಕೂತು, ಪಕ್ಕಕ್ಕೆ ಜಾರಿದ. ಸೂಜಿ ಇನ್ನೂ ಕವರಿನಲ್ಲೇ ಇತ್ತು. ಅಲ್ಲಿದ್ದ ಒಬ್ಬರು "ಗಂಡ್ಸಾಗಿ ಹಿಂಗಾ ಸಾರ್" ಅಂದರಂತೆ. ಅವನು ಇವತ್ತಿಗೂ ಆ ರಸ್ತೆಯಲ್ಲಿ ಸ್ಕೂಟರ್ ತಿರುಗಿಸುವುದಿಲ್ಲ.

ಮನೆಗೇ ಬಂದು ರಕ್ತ ತೆಗೆಯುವವರನ್ನು ಕರೆಸಿದ್ದೂ ಆಯಿತು. ಬಾಗಿಲು ತೆಗೆದು, ಬಂದ ಹುಡುಗನ ಬ್ಯಾಗ್ ನೋಡಿ, ಕಾಫಿ ಕೊಟ್ಟು, ದುಡ್ಡನ್ನೂ ಕೊಟ್ಟು ವಾಪಸ್ ಕಳಿಸಿದ.

ತಿರುವು ಬಂದದ್ದು ವಿಚಿತ್ರವಾದ ಜಾಗದಲ್ಲಿ. 2024ರ ಬೇಸಿಗೆ, ಬೆಂಗಳೂರು ಟ್ಯಾಂಕರ್ ಕಾಯುತ್ತಾ ಕೂತಿದ್ದ ಬೇಸಿಗೆ. ವಿರಾಟಪರ್ವ ಓದಿಸಿದರೆ ಮಳೆ ಬರುತ್ತೆ ಅನ್ನುವ ನಂಬಿಕೆ ನಮ್ಮ ಕಡೆ ಹಳೆಯದು. ಪರಿಚಯದವರೊಬ್ಬರು ಮನೆಯ ತಾರಸಿಯಲ್ಲಿ ಗದುಗಿನ ಭಾರತದ ಗಮಕ ವಾಚನ ಇಟ್ಟುಕೊಂಡಿದ್ದರು. ಎಲ್ಲರೂ ಹೋಗಿದ್ದೆವು. ಉತ್ತರ ರಥದಿಂದ ಹಾರಿ ಓಡುವ ಜಾಗ ಬಂತು. ವಾಚನ ಮಾಡುತ್ತಿದ್ದವರು ಭಾಮಿನಿ ಷಟ್ಪದಿಯನ್ನು ಎಳೆದು ಎಳೆದು ಹೇಳಿದರು, ವ್ಯಾಖ್ಯಾನದವರು ಇನ್ನಷ್ಟು ಬಣ್ಣ ಹಚ್ಚಿದರು, ನಮ್ಮ ಮನೆಯವರಷ್ಟೂ ಜನ ಒಟ್ಟಿಗೆ ತಿರುಗಿ ಮೂರ್ತಿಯನ್ನು ನೋಡಿದರು. ಅವನ ಮಗಳೂ ನೋಡಿದಳು. ಅವಳಿಗೆ ಯಾಕೆ ಅಂತ ಗೊತ್ತಿರಲಿಲ್ಲ, ಎಲ್ಲರೂ ನೋಡಿದರು ಅಂತ ನೋಡಿದಳು.

ಮೂರ್ತಿ ಎದ್ದು ಚಪ್ಪಲಿ ಹಾಕಿಕೊಂಡು ಕೆಳಗೆ ಹೋದ.

ನಾನು ಹಿಂದೆಯೇ ಹೋದೆ. ಗೇಟಿನ ಹತ್ತಿರ ನಿಂತಿದ್ದ. ಅವನು ಬೈಯಲಿಲ್ಲ. "ಅಕ್ಕ, ಅವನು ಓಡಿದ. ಓಡೋಕಾದ್ರೂ ಆಯ್ತು. ನಂಗೆ ಅದೂ ಆಗಲ್ಲ" ಅಂದ. ಮಳೆ ಅವತ್ತು ಬರಲಿಲ್ಲ.

ಓಡುತ್ತೀರಾ, ಬೀಳುತ್ತೀರಾ?

ಆ ಮಾತು ನನ್ನ ತಲೆಯಲ್ಲಿ ಕೂತಿತು. ಪರಿಚಯದ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಅವನನ್ನು ಕಳಿಸಿದೆ. ಹೋಗಲು ಮೊದಲು ಒಪ್ಪಲಿಲ್ಲ. ನಿಮ್ಹಾನ್ಸ್ ಇರುವ ಊರಿನಲ್ಲೇ ಇದ್ದರೂ ತಲೆ ಸರಿ ಇಲ್ಲದವರು ಹೋಗುವ ಜಾಗ ಅದು ಅನ್ನುವ ಮಾತು ನಮ್ಮಲ್ಲಿ ಇನ್ನೂ ಹೋಗಿಲ್ಲ ನೋಡಿ. "ಒಂದೇ ಸಲ ಹೋಗಿ ಬಾ, ಆಮೇಲೆ ನಾನು ಬಾಯಿ ಮುಚ್ಚಿಕೊಂಡಿರ್ತೀನಿ" ಅಂದೆ. ನಾನು ಬಾಯಿ ಮುಚ್ಚುವುದು ಅವನಿಗೆ ದೊಡ್ಡ ಆಸೆಯಾಗಿ ಕಂಡಿರಬೇಕು.

ಆಕೆ ಕೇಳಿದ ಮೊದಲ ಪ್ರಶ್ನೆಯೇ ಅದು: "ಸೂಜಿ ನೋಡಿದಾಗ ಓಡಬೇಕು ಅನಿಸುತ್ತಾ, ಅಥವಾ ಬೀಳ್ತೀರಾ?"

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಡೀ ಪ್ರಕರಣ ತಿರುಗುವುದು ಈ ಕೀಲಿನ ಮೇಲೆ. ಹಲ್ಲಿ, ನಾಯಿ, ಎತ್ತರ, ಲಿಫ್ಟು, ಯಾವುದರ ಭಯವಾದರೂ ಎದೆಬಡಿತ ಏರುತ್ತೆ, ಬಿಪಿ ಏರುತ್ತೆ. ದೇಹ ಓಡಲು ತಯಾರಾಗುತ್ತೆ. ಹಾಗೆ ಏರಿದ ದೇಹ ಸುಲಭಕ್ಕೆ ಪ್ರಜ್ಞೆ ತಪ್ಪುವುದಿಲ್ಲ. ರಕ್ತ, ಸೂಜಿ, ಗಾಯದ ಭಯ ಬೇರೆ ಜಾತಿ. ಇದರಲ್ಲಿ ಬಿಪಿ ಮೊದಲು ಸ್ವಲ್ಪ ಏರಿ, ಆಮೇಲೆ ಧಡಕ್ಕನೆ ಇಳಿಯುತ್ತೆ, ಎದೆಬಡಿತವೂ ಜತೆಗೆ ಇಳಿಯುತ್ತೆ, ಮಿದುಳಿಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ. ನೂರು ಜನರಲ್ಲಿ ಮೂರ್ನಾಲ್ಕು ಜನಕ್ಕೆ ಈ ಭಯ ಇರುತ್ತೆ, ಮನೆತನದಲ್ಲಿ ಹರಿದು ಬರುವುದೂ ಜಾಸ್ತಿ. (ಚಿಕ್ಕಪ್ಪ ಆಯುಧಪೂಜೆಯ ದಿನ ಕುಂಬಳಕಾಯಿಗೆ ಕುಂಕುಮದ ನೀರು ಹಾಕಿ ಒಡೆಯುವಾಗ ಯಾವಾಗಲೂ ಒಳಗೆ ಹೋಗಿಬಿಡುತ್ತಿದ್ದರು. ಆಗ ನಮಗೆ ಅದು ಸೋಮಾರಿತನ ಅನಿಸಿತ್ತು.)

ಅಂದರೆ ಮೂರ್ತಿ ಹದಿನೈದು ದಿನ ಕಷ್ಟಪಟ್ಟು ಕಲಿತದ್ದು ತಪ್ಪು ಪಾಠ. ಇಳಿಯುತ್ತಿರುವ ಬಿಪಿಯನ್ನು ಮೈ ಸಡಿಲ ಬಿಟ್ಟು ಇನ್ನೂ ಇಳಿಸಿದ. ಉಸಿರಾಟದಲ್ಲಿ ಏನೂ ದೋಷ ಇಲ್ಲ, ಬೇರೆ ಭಯಕ್ಕೆ ಅದು ಒಳ್ಳೆಯದೇ. ಅವನಿಗೆ ಬೇಕಿದ್ದದ್ದು ಇದರ ಉಲ್ಟಾ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಒಂದು ವಿಧಾನ ಇದೆ. ಕೈ, ಹೊಟ್ಟೆ, ತೊಡೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡ್ ಬಿಗಿ ಹಿಡಿಯುವುದು, ಮುಖ ಬಿಸಿಯಾಗುವ ತನಕ. ಆಮೇಲೆ ಇಪ್ಪತ್ತು ಮೂವತ್ತು ಸೆಕೆಂಡ್ ಬಿಡುವುದು, ಆದರೆ ಪೂರ್ತಿ ಸಡಿಲ ಅಲ್ಲ, ಮಾಮೂಲಿ ಸ್ಥಿತಿಗೆ ಮಾತ್ರ. ಹೀಗೆ ಐದು ಸಲ. ಚುಚ್ಚುವ ಕೈ ಮಾತ್ರ ಸಡಿಲ ಇರಬೇಕು. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು.

ಎರಡು ಕಾಲಂ

ಎರಡನೇ ಭೇಟಿಯಲ್ಲಿ ಆಕೆ, ನಿಮ್ಮ ಹಾಗೇ ಹೆದರುವ ಕಥೆಯ ಪಾತ್ರ ಯಾವುದಾದರೂ ಇದೆಯಾ ಅಂತ ಕೇಳಿದರು. ಮೂರ್ತಿ ಕಹಿಯಾಗಿ ನಕ್ಕು ಉತ್ತರಕುಮಾರನ ಹೆಸರು ಹೇಳಿದ. ಸರಿ, ಇಬ್ಬರನ್ನೂ ಪಕ್ಕಪಕ್ಕ ಬರೆದುಕೊಂಡು ಬನ್ನಿ ಅಂದರು.

ಅವನು ನನ್ನ ಹತ್ತಿರ ಬಂದ. ಮಗಳ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಕೂತೆವು. ನಾನು ವ್ಯಾಸಭಾರತದ ಗದ್ಯಾನುವಾದ ತೆಗೆದಿಟ್ಟುಕೊಂಡೆ, ಯಾಕೆಂದರೆ ಕುಮಾರವ್ಯಾಸನ ಉತ್ತರ ನಮ್ಮನ್ನು ನಗಿಸಿಬಿಡುತ್ತಾನೆ, ನಗುತ್ತಾ ಕೂತರೆ ಲೆಕ್ಕ ಆಗುವುದಿಲ್ಲ.

ಏನು ಕಂಡಿತು? ಉತ್ತರನಿಗೆ ಸಮುದ್ರದಂಥ ಸೈನ್ಯ, ಭೀಷ್ಮ, ದ್ರೋಣ, ಕರ್ಣ. ಮೂರ್ತಿಗೆ ಕೂದಲಿಗಿಂತ ಸ್ವಲ್ಪ ದಪ್ಪದ ಸೂಜಿ. ಮೈ ಏನು ಮಾಡಿತು? ಒಬ್ಬ ಓಡಿದ, ಒಬ್ಬ ಬಿದ್ದ. ಯಾರು ನೋಡುತ್ತಿದ್ದರು? ಇಲ್ಲಿ ಉತ್ತರನ ಕಾಲಂನಲ್ಲಿ ಒಂದು ಸಾಲು. ಮೂರ್ತಿಯ ಕಾಲಂ ಹಾಳೆಯ ಕೆಳಗಿನವರೆಗೆ ಹೋಯಿತು: ನಾಲ್ಕನೇ ಕ್ಲಾಸಿನ ಹುಡುಗರು, ಮೇಡಂ, ನರ್ಸುಗಳು, ಮಾವ, ಲ್ಯಾಬಿನ ಕ್ಯೂ, ಕಾಫಿ ಕುಡಿದು ಹೋದ ಹುಡುಗ, ಫ್ಯಾಮಿಲಿ ಗ್ರೂಪು. ಕೊನೆಗೆ "ಅಕ್ಕ" ಅಂತಲೂ ಬರೆದ. ನಾನು ನೋಡಿಯೂ ನೋಡದ ಹಾಗಿದ್ದೆ.

ಮುಂದಿನ ಪ್ರಶ್ನೆ, ಮನಸ್ಸು ಏನು ಹೇಳಿತು? ನಾನು ಓದಿದೆ. ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದಾಗ ಉತ್ತರ, ಚಿನ್ನ ಕೊಡುತ್ತೇನೆ, ರತ್ನ ಕೊಡುತ್ತೇನೆ, ಬಿಟ್ಟುಬಿಡು ಅನ್ನುತ್ತಾನೆ. ಅದಕ್ಕೂ ಮೊದಲೇ ಹೇಳಿದ್ದಾನೆ: ಕೌರವರು ಬೇಕಾದಷ್ಟು ಸಂಪತ್ತು ಒಯ್ಯಲಿ, ಗಂಡಸರೂ ಹೆಂಗಸರೂ ನನ್ನನ್ನು ನೋಡಿ ನಗಲಿ, ನನಗೆ ಯುದ್ಧ ಬೇಡ.

ಮೂರ್ತಿ ಪೆನ್ನು ಕೆಳಗಿಟ್ಟ. "ನಗಲಿ ಅಂದನಾ?"

"ಅಂದ."

"ನಾನು ಯಾವತ್ತೂ ಅನ್ನಲಿಲ್ಲ" ಅಂದ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಹೇಳಿದ: "ನಂಗೆ ಸೂಜಿ ನೋವಾಗುತ್ತೆ ಅಂತ ಭಯ ಇಲ್ಲ ಅಕ್ಕ. ಬಿದ್ದಾಗ ಸುತ್ತ ನಿಂತಿರ್ತಾರಲ್ಲ, ಕಣ್ಣು ಬಿಟ್ಟ ತಕ್ಷಣ ಆ ಮುಖಗಳು ಕಾಣ್ತಾವಲ್ಲ, ಅದು."

ಉತ್ತರನ ತಳದ ಭಯ ಸಾವು. ಅದರ ಮುಂದೆ ಅವಮಾನ ಅವನಿಗೆ ಲೆಕ್ಕಕ್ಕಿಲ್ಲ. ಮೂರ್ತಿಗೆ ಅವಮಾನವೇ ತಳ. ಶುಗರ್ ಏರಿ ಕಾಲ್ಬೆರಳು ಹೋದರೂ ಚಿಂತೆಯಿಲ್ಲ, ಜನರ ಮುಂದೆ ಬೀಳಬಾರದು. ಮೂವತ್ತೆರಡು ವರ್ಷ ನಾವು ಇಬ್ಬರಿಗೂ ಒಂದೇ ಹೆಸರಿಟ್ಟು, ಆ ಹೆಸರಿನಿಂದಲೇ ಅವನ ನಿಜವಾದ ಭಯಕ್ಕೆ ನೀರು ಹಾಕುತ್ತಾ ಬಂದಿದ್ದೆವು.

ಮುಂದೆ ಓದುತ್ತಾ ಹೋದರೆ ನನಗೇ ಮರೆತುಹೋಗಿದ್ದ ಒಂದು ಜಾಗ ಸಿಕ್ಕಿತು. ಯುದ್ಧ ಜೋರಾಗಿ ನಡೆಯುತ್ತಿದೆ, ಉತ್ತರ ಈಗ ಅರ್ಜುನನ ಸಾರಥಿ. ಆಗ ಅವನು, ದಿಕ್ಕುಗಳೇ ತಿರುಗಿದ ಹಾಗಾಗುತ್ತಿದೆ, ಕೊಬ್ಬು, ರಕ್ತ, ಮಾಂಸದ ವಾಸನೆಗೆ ಬುದ್ಧಿ ಮಂಕಾಗುತ್ತಿದೆ, ಇನ್ನು ಕುದುರೆ ಹಿಡಿಯಲಾರೆ ಅನ್ನುತ್ತಾನೆ. ಅರ್ಜುನ ನಗುವುದಿಲ್ಲ. ಧೈರ್ಯ ತಂದುಕೊಂಡು ಲಗಾಮು ಹಿಡಿ ಅನ್ನುತ್ತಾನೆ.

ಮೂರ್ತಿ ಪುಸ್ತಕ ಕಿತ್ತುಕೊಂಡು ಎರಡು ಸಲ ಓದಿದ. "ಇವನಿಗೂ ತಲೆ ತಿರುಗಿತ್ತು" ಅಂದ, ಯಾರೋ ಕಳೆದುಹೋದ ನೆಂಟ ಸಿಕ್ಕಿದ ಹಾಗೆ.

ನೋಟ್‌ಬುಕ್ ನೋಡಿ ಆಕೆ ಒಂದು ಎಚ್ಚರಿಕೆ ಕೊಟ್ಟರಂತೆ. ಭೀಷ್ಮ, ದ್ರೋಣರ ಸೈನ್ಯ ಕಂಡು ಒಬ್ಬ ಹುಡುಗ ಓಡಿದರೆ ಅದು ಫೋಬಿಯಾ ಅಲ್ಲ, ಬುದ್ಧಿ. ಅಪಾಯ ಸಣ್ಣದಿದ್ದು ಭಯ ದೊಡ್ಡದಿದ್ದರೆ, ಅದು ತಿಂಗಳುಗಟ್ಟಲೆ ಉಳಿದು ಬದುಕಿಗೆ ಅಡ್ಡ ಬಂದರೆ ಆಗ ಫೋಬಿಯಾ. ಹಾಗಾಗಿ ಉತ್ತರನನ್ನು ಎಲ್ಲದಕ್ಕೂ ಎಳೆಯಬೇಡಿ, ಅರ್ಜುನ ಏನು ಮಾಡಿದ ಅನ್ನುವುದನ್ನು ಮಾತ್ರ ಇಟ್ಟುಕೊಳ್ಳಿ ಅಂದರು. ಅರ್ಜುನ ಅವನಿಗೆ ಒಮ್ಮೆಗೇ ಬಿಲ್ಲು ಕೊಡಲಿಲ್ಲ. ಮೊದಲು ಬನ್ನಿಮರ ಹತ್ತಿಸಿದ. ಮೇಲೆ ಕಟ್ಟಿದ್ದ ಗಂಟನ್ನು ಹೆಣ ಅಂತ ಹೆದರಿದವನಿಗೆ ಅದು ಆಯುಧ ಅಂತ ತಿಳಿಸಿ ಹೇಳಿ ಕೆಳಗೆ ಇಳಿಸಿಸಿದ. ಆಮೇಲೆ ಲಗಾಮು. ಯುದ್ಧ ಮಾಡುವ ಕೆಲಸ ತಾನೇ ಇಟ್ಟುಕೊಂಡ.

ಏನಾಯಿತು

ಮೂರ್ತಿಯ ಬನ್ನಿಮರ ಆರು ವಾರದ್ದು. ಮೊದಲು ಸೂಜಿಯ ಫೋಟೋ. ಆಮೇಲೆ ಸೂಜಿಯಿಲ್ಲದ ಸಿರಿಂಜು, ಅಡುಗೆಮನೆ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಯ ಪಕ್ಕ, ದಿನವಿಡೀ. ಮಗಳು ಅದಕ್ಕೆ ನೀರು ತುಂಬಿ ಗೊಂಬೆಗೆಲ್ಲ ಇಂಜೆಕ್ಷನ್ ಕೊಟ್ಟಳು. ಆಮೇಲೆ ರಕ್ತ ತೆಗೆಯುವ ವಿಡಿಯೋ, ತೊಡೆ ಬಿಗಿ ಹಿಡಿದುಕೊಂಡು. ನಾಲ್ಕನೇ ವಾರ ಬೇರೆ ಒಂದು ಲ್ಯಾಬಿನಲ್ಲಿ ಹೋಗಿ ಸುಮ್ನೆ ಕೂತು ಬಂದ. ಆ ವಾರ ಒಂದು ಸಲ ತಲೆ ತಿರುಗಿತು, ಬೀಳಲಿಲ್ಲ.

ಈ ಮಧ್ಯೆ ನನಗೂ ಒಂದು ಕೆಲಸ ಬಿತ್ತು. ಫ್ಯಾಮಿಲಿ ಗ್ರೂಪಿನಲ್ಲಿ ಆ ಹೆಸರು ಇನ್ನು ಬೇಡ ಅಂತ ಬರೆದೆ. ಬರೆಯುವುದು ಸುಲಭವಿರಲಿಲ್ಲ, ಮೂರು ಸಲ ಅಳಿಸಿದೆ. ಜತೆಗೆ ಇದನ್ನೂ ಹಾಕಿದೆ: ನಾವು ನಗುವ ಆ ಉತ್ತರ ಕುರುಕ್ಷೇತ್ರದ ಮೊದಲ ದಿನವೇ ಆನೆ ಏರಿ ಶಲ್ಯನ ಮೇಲೆ ಬಿದ್ದು, ಅವನ ರಥದ ಕುದುರೆ ಕೊಂದು, ಹೋರಾಡುತ್ತಲೇ ಸತ್ತವನು. ಗಾದೆ ಕಟ್ಟಿದವರು ಅಷ್ಟು ದೂರ ಓದಲಿಲ್ಲ. ಪಾಠ ಮಾಡುತ್ತಿದ್ದ ನಾನೂ ಮಕ್ಕಳಿಗೆ ಅದನ್ನು ಹೇಳಿದವಳಲ್ಲ, ಪಠ್ಯ ಓಟಕ್ಕೇ ಮುಗಿಯುತ್ತಿತ್ತು. ಒಬ್ಬರೇ ಒಬ್ಬರು ಹೆಬ್ಬೆರಳು ಎತ್ತಿದರು. ಮೂರ್ತಿಯ ಹೆಂಡತಿ.

ಲ್ಯಾಬಿಗೆ ಹೋದ ದಿನ ನಾನೂ ಜತೆಗಿದ್ದೆ. ಹೊರಡುವಾಗ ಮಗಳು, "ಅಪ್ಪ, ಆ ರೌಂಡ್ ಪ್ಲಾಸ್ಟರ್ ನನ್ನ ಗೊಂಬೆಗೆ ತಗೊಂಡ್ ಬಾ" ಅಂದಳು. ಕೌಂಟರಿನಲ್ಲಿ ಮೂರ್ತಿ ಮಾಡಿದ ಮೊದಲ ಕೆಲಸ ನನ್ನ ಲೆಕ್ಕದಲ್ಲಿ ಆ ಆರು ವಾರಕ್ಕಿಂತ ದೊಡ್ಡದು. ಹಿಂದೆ ಏಳೆಂಟು ಜನ ನಿಂತಿದ್ದಾಗಲೇ ಗಟ್ಟಿಯಾಗಿ, "ನಂಗೆ ರಕ್ತ ತೆಗೆಯುವಾಗ ಪ್ರಜ್ಞೆ ತಪ್ಪುತ್ತೆ, ಮಲಗಿಸಿ ತೆಗೀಬೇಕು" ಅಂದ. ಯಾರೋ ಒಬ್ಬರು ಕಿಸಕ್ ಅಂದರು. ಇನ್ನೊಬ್ಬರು, ಪಂಚೆ ಉಟ್ಟ ದೊಡ್ಡವರು, "ನಂಗೂ ಹಂಗೇ ಆಗುತ್ತಪ್ಪ, ನನ್ನನ್ನೂ ಮಲಗಿಸ್ರಿ" ಅಂದರು.

ಮಂಚದ ಮೇಲೆ ಮಲಗಿ ಎರಡೂ ಕಾಲು ಹೆಣೆದು ತೊಡೆ ಬಿಗಿ ಹಿಡಿದ. ಎಡಗೈ ಮುಷ್ಟಿ. ಬಲಗೈ ಸಡಿಲ. ಮುಖ ಕೆಂಪಾಯಿತು. ರಕ್ತ ತೆಗೆಯುವ ಹುಡುಗ ಗಾಬರಿಯಾಗಿ, "ಏನ್ ಸಾರ್ ಮಾಡ್ತಿದ್ದೀರಾ?" ಅಂತ ಕೇಳಿದ.

"ಕುದುರೆ ಹಿಡ್ಕೊಂಡಿದೀನಿ. ನೀನು ನಿನ್ನ ಕೆಲಸ ಮಾಡು."

ಬೂದಿ ಮುಚ್ಚಳದ್ದೊಂದು, ನೇರಳೆ ಮುಚ್ಚಳದ್ದೊಂದು, ಹಳದಿಯದೊಂದು, ಮೂರು ಟ್ಯೂಬು ತುಂಬಿದವು. ಅವನು ಗೋಡೆಯ ಕಡೆ ಮುಖ ಮಾಡಿದ್ದ, ಈಗಲೂ ನೋಡುವುದಿಲ್ಲ. ಬೀಳಲಿಲ್ಲ.

ಎಚ್‌ಬಿಎ1ಸಿ 8.4 ಬಂತು. 6.5 ದಾಟಿದರೆ ಶುಗರ್ ಅಂತಲೇ ಲೆಕ್ಕ. ಮಾತ್ರೆ ಶುರುವಾಯಿತು, ಬೆಳಗ್ಗೆ ನಡಿಗೆಯೂ. ಐದು ತಿಂಗಳು ಮೊದಲೇ ಗೊತ್ತಾಗಿದ್ದರೆ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಎರಡನೇ ಸಲ ಒಬ್ಬನೇ ಹೋದ, ಅವಸರದಲ್ಲಿ ಕುರ್ಚಿಯಲ್ಲೇ ಕೂತ, ಬಿಗಿ ಹಿಡಿಯುವುದು ಮರೆತ, ಬಿದ್ದ. ಎದ್ದು ನೀರು ಕುಡಿದು ಮಂಚ ಕೇಳಿ ಮತ್ತೆ ಕೈ ಕೊಟ್ಟ. ಇದನ್ನು ಅವನೇ ಫೋನ್ ಮಾಡಿ ಹೇಳಿದ, ಮೊದಲಾಗಿದ್ದರೆ ಮುಚ್ಚಿಡುತ್ತಿದ್ದ. ಆ ಸಲ 7.1.

ಇಂಥ ಭಯ ಇರುವವರು ಮನೆಯಲ್ಲಿದ್ದರೆ ಓಡುತ್ತಾರಾ, ಬೀಳುತ್ತಾರಾ ಅಂತ ಮೊದಲು ಕೇಳಿ. ನಾವು ಅದನ್ನು ಕೇಳಲಿಲ್ಲ, ಹೆಸರಿಟ್ಟೆವು. ಕಥೆಯ ಪಾತ್ರದ ಜತೆ ಹೋಲಿಸುವುದಾದರೆ ಎಲ್ಲಿ ಹೋಲುವುದಿಲ್ಲವೋ ಅಲ್ಲಿ ಜಾಸ್ತಿ ಹೊತ್ತು ನಿಲ್ಲಿ, ನಮಗೆ ಸಿಕ್ಕಿದ್ದು ಅಲ್ಲೇ. ಪಾತ್ರವನ್ನು ಆರಿಸುವುದು ಹೆದರಿದವರಿಗೇ ಬಿಟ್ಟದ್ದು. ನಾನು ಕೊಟ್ಟಾಗ ಉತ್ತರ ಬೈಗುಳವಾಗಿದ್ದ, ಮೂರ್ತಿ ತಾನೇ ಓದಿದಾಗ ಜತೆಗಾರನಾದ.

ಮೊದಲ ಸಲ ಲ್ಯಾಬಿನಿಂದ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ನನಗೆ ಆಗ ನೆನಪಾಯಿತು, ಉತ್ತರ ಹೊರಟಾಗಲೂ ಅವನ ತಂಗಿ ಮತ್ತು ಗೆಳತಿಯರು ಗೊಂಬೆಗಳಿಗೆ ಕೌರವರ ಬಣ್ಣದ ಬಟ್ಟೆ ತಂದುಕೊಡಿ ಅಂತಲೇ ಕೇಳಿದ್ದರು. ಮೂರ್ತಿ ತೋಳಿನಿಂದ ಆ ರೌಂಡ್ ಪ್ಲಾಸ್ಟರ್ ಕಿತ್ತು ಕೊಟ್ಟ. ಗೊಂಬೆಯ ಪ್ಲಾಸ್ಟಿಕ್ ಕೈಗೆ ಅದು ಅಂಟಲಿಲ್ಲ. ಅವಳು ಸೆಲ್ಲೋ ಟೇಪ್ ಹುಡುಕಲು ಒಳಗೆ ಓಡಿದಳು.